ಮಿಷನ್ ಹಿಂದಿನ ಪೈಪು

ಫ್ರೆಂಡ್ಸ್, ಫೋನಿನಲ್ಲಿ ಕನ್ನಡ ಒತ್ತಲು ಬರುವುದಿಲ್ಲ, ಹಾಳೆಯಲ್ಲಿ ಬರೆದು ಫೋಟೋ ಹಾಕಿದ್ದೇನೆ. ಅಕ್ಷರ ಸೊಟ್ಟ, ತಪ್ಪೂ ಇರಬಹುದು, ಕ್ಷಮಿಸಿ.

ನಮ್ಮ ಬೋರ್‌ವೆಲ್ ನೀರಿನಲ್ಲಿ ಹಲ್ಲು, ಮೂಳೆ ಹಾಳುಮಾಡುವ ಫ್ಲೋರೈಡ್ ಇದೆಯೆಂದು ಸರ್ಕಾರ ಕ್ಯಾಸಂಬಳ್ಳಿ ರಸ್ತೆಯಲ್ಲಿ ಶುದ್ಧ ನೀರಿನ ಮಿಷನ್ ಹಾಕಿದೆ. ಮುಂದೆ ಯಾವಾಗಲೂ ಕ್ಯೂ. ಹಿಂದಿನ ಗೋಡೆಯ ಪೈಪಿನಲ್ಲಿ ಮಾತ್ರ ನೀರು ಸುಮ್ಮನೆ ಹರಿಯುತ್ತಿರುತ್ತದೆ. ಇಂದು ನನ್ನ ಜೊತೆ ಬಂದ ಅತ್ತಿಗೆ ಅಲ್ಲಿ ಬಿಂದಿಗೆ ಹಿಡಿದಾಗ ಮಿಷನ್ ರಿಪೇರಿಯವನು ಓಡಿ ಬಂದ.

“ಏಯಮ್ಮಾ, ಅದು ಮಿಷನ್ ಕಕ್ಕಿದ್ ನೀರು! ಸೋಸಿ ತೆಗ್ದಿದ್ ಫ್ಲೋರೈಡೆಲ್ಲಾ ಅದ್ರಾಗೇ ಐತೆ.”

“ಇದೂ ಅದೇ ಮಿಷನ್ನಿಂದ್ಲೇ ತಾನೇ ಬರೋದು? ಮಗ್ಳು ಉಟ್ಟಾಗ್ನಿಂದ ಇದೇ ಕುಡಿಸ್ತಿದೀನಿ ಕಣಣ್ಣಾ!”

ಬಿಂದಿಗೆ ಅವಳ ಕೈಯಿಂದ ಜಾರಿತು. ಮಗುವಿಗೆ ಹಾಲುಹಲ್ಲು ಬಿದ್ದು ಬಂದ ಹೊಸ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ. ಬೆಲ್ಲದ ಕರೆ ಎಂದುಕೊಂಡು ನಾವು ದಿನಾ ಉಜ್ಜುತ್ತಿದ್ದೆವು.

“ಏನಣ್ಣಾ, ಇಲ್ಲೊಂದು ಬೋರ್ಡ್ ಆಕಾಕಾಗ್ಲಿಲ್ವಾ?” ಎಂದೆ. ಹೊರಗಿನವರ ಹತ್ತಿರ ನಾನು ಅಷ್ಟು ಜೋರಾಗಿ ಮಾತಾಡಿದ್ದೇ ಇಲ್ಲ.

“ಬೋರ್ಡ್ ಪಂಚಾಯ್ತಿದಮ್ಮಾ, ನಂದು ಫಿಲ್ಟರ್ ಮಾತ್ರ,” ಎಂದ.

ಮಿಷನ್ ಮುಂದೆ ದೊಡ್ಡ ಬೋರ್ಡೇ ಇದೆ, ಉದ್ಘಾಟನೆಗೆ ಬಂದವರ ಫೋಟೋ ತುಂಬ. ಹಿಂದೆ ಒಂದು ಸಾಲು ಬರೆಯಲು ಬಣ್ಣ ಸಾಲಲಿಲ್ಲವೇನೋ.

ಬರೆದಿದ್ದರೂ ಅತ್ತಿಗೆಗೆ ಓದಲು ಬರುವುದಿಲ್ಲ. ಅದಕ್ಕೇ ಆಮೇಲೆ ಮನೆಯಿಂದ ಅಣ್ಣನ ಹರಿದ ಚಪ್ಪಲಿ ತಂದು ಆ ಪೈಪಿನ ಬಾಯಿಗೆ ಕಟ್ಟಿ ಬಂದೆ. ಚಪ್ಪಲಿ ತಾಕಿದ ನೀರಿಗೆ ನಮ್ಮೂರಲ್ಲಿ ಯಾರೂ ಬಿಂದಿಗೆ ಹಿಡಿಯುವುದಿಲ್ಲ.