ಮೂಲೆಗಲ್ಲು ಮತ್ತು ನೆಗ್ಗಿದ ತಟ್ಟೆ

ನಮ್ಮ ಮನೆಯಲ್ಲಿ ನಡುವೆ ನೆಗ್ಗಿದ ಒಂದು ಸ್ಟೀಲ್ ತಟ್ಟೆಯಿದೆ. ನೆಂಟರಿಷ್ಟರು ಬಂದರೆ ನನ್ನ ಹೆಂಡತಿ ಅದನ್ನು ಎಲ್ಲಕ್ಕಿಂತ ಕೆಳಗೆ ತಳ್ಳಿ ಬೇರೆ ತಟ್ಟೆಗಳನ್ನು ತೆಗೆಯುತ್ತಾಳೆ. ನೆಗ್ಗಿಸಿದವನು ನಾನೇ. ಕೊರೋನಾ ಶುರುವಾದ ಹೊಸತರಲ್ಲಿ ಒಂದು ಸಂಜೆ, ಐರ್ಲೆಂಡಿನ ಕಾರ್ಕ್ ನಗರದ ಪಕ್ಕದ ಬ್ಯಾಲಿನ್‌ಕೊಲಿಗ್‌ನಲ್ಲಿ, ನಮ್ಮ ಬೀದಿಯವರೆಲ್ಲ ಬಾಗಿಲಿಗೆ ಬಂದು ಆಸ್ಪತ್ರೆಯವರಿಗಾಗಿ ಚಪ್ಪಾಳೆ ತಟ್ಟಿದರು. ಐರಿಷ್ ಜನ ಸಂಕೋಚದವರು, ಮೆತ್ತಗೆ ತಟ್ಟುತ್ತಿದ್ದರು. ನನಗೆ ಅದು ಸಾಲದೆನಿಸಿ ಒಳಗಿನಿಂದ ತಟ್ಟೆ, ಸೌಟು ತಂದೆ. ಬಡಿದ ಬಡಿತಕ್ಕೆ ತಟ್ಟೆ ನೆಗ್ಗಿತು. ಎದುರು ಮನೆಯ ನಾಯಿ ಒಂದು ವಾರ ನನ್ನನ್ನು ಕಂಡರೆ ಸೋಫಾದ ಕೆಳಗೆ ಹೋಗುತ್ತಿತ್ತಂತೆ. ಕಣ್ಣಲ್ಲಿ ನೀರು ಬಂದಿತ್ತು, ನಾಯಿಗಲ್ಲ, ನನಗೆ.

ಈ ತಟ್ಟೆಗೂ ಬೇಸ್‌ಬಾಲಿಗೂ ಏನು ಸಂಬಂಧ ಎಂದು ನೀವು ಕೇಳುವುದು ನ್ಯಾಯವೇ. ಸಂಬಂಧ ಇಲ್ಲದೇ ಹೋಗಿದ್ದರೆ ಇದನ್ನು ಬರೆಯುವಾಗ ನನ್ನ ಕಿವಿ ಹೀಗೆ ಬಿಸಿಯಾಗುತ್ತಿರಲಿಲ್ಲ.

ಮೈಸೂರಿನ ಮನುಷ್ಯನಾದ ನಾನು ಬೇಸ್‌ಬಾಲ್ ಆಡಲು ಕಾರಣ ಕಾರ್ಕಿನದೇ ಇನ್ನೊಂದು ಬದಿಯ ಲಿಟಲ್ ಐಲ್ಯಾಂಡಿನಲ್ಲಿರುವ ನಮ್ಮ ಆಫೀಸು. ಅಲ್ಲಿಯ ಮ್ಯಾನೇಜರ್ ಬ್ರ್ಯಾಡ್ ಅಮೆರಿಕದವನು, ಊರಿನ ನೆನಪಾಗಿ ಆಫೀಸಿನ ಹೊರಗಿನವರನ್ನೂ ಸೇರಿಸಿ ಒಂದು ತಂಡ ಕಟ್ಟಿದ. ಚೆಂಡು ಕಂಡರೆ ಹೆದರದ ಜನ ಬೇಕು ಎಂದಾಗ ಯಾರೋ ಭಾರತದವರತ್ತ ಬೆರಳು ತೋರಿಸಿದರು. ನಾನು ಸೇರಿದೆ. ನನಗಿಂತ ಮುಂಚೆಯೇ ತಂಡದಲ್ಲಿ ಇನ್ನೊಬ್ಬ ಕನ್ನಡಿಗರಿದ್ದರು. ಬಂಟ್ವಾಳದ ಕಡೆಯ ಫೆಲಿಕ್ಸಣ್ಣ. ವಯಸ್ಸು ಐವತ್ತೆರಡು, ಕೆಲಸ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ, ಮನೆ ನಮ್ಮ ಮನೆಯಿಂದ ಎರಡೇ ಬೀದಿ ಆಚೆ. ಅವರು ನಮ್ಮ ಕ್ಯಾಚರ್. ಎಂದರೆ, ಬ್ಯಾಟು ಹಿಡಿದವನ ಹಿಂದೆ ಮುಖಕ್ಕೆ ಜಾಲರಿ, ಎದೆಗೆ ದಿಂಬು ಕಟ್ಟಿಕೊಂಡು ಕುಕ್ಕರುಗಾಲಲ್ಲಿ ಕೂತು, ಎದುರಿನಿಂದ ಎಸೆದ ಚೆಂಡನ್ನೆಲ್ಲ ಹಿಡಿಯುವವರು. ಅವರು ಬ್ಯಾಟು ಬೀಸಿದರೆ ತಾಗುವುದಕ್ಕಿಂತ ಗಾಳಿ ಬರುವುದೇ ಹೆಚ್ಚು. ಏಳುವಾಗ ಮೊಣಕಾಲು ಲಟಕ್ ಎನ್ನುತ್ತಿತ್ತು.

ಲಾಕ್‌ಡೌನಿನಲ್ಲಿ ಆಟ ನಿಂತಿತು, ಮಾತು ನಿಲ್ಲಲಿಲ್ಲ. ಪ್ರತಿ ಶನಿವಾರ ವೀಡಿಯೋದಲ್ಲಿ ಸೇರುತ್ತಿದ್ದೆವು. ಒಂದು ಶನಿವಾರ ಬ್ರ್ಯಾಡ್ ಒಂದು ಪ್ರಶ್ನೆ ಎತ್ತಿದ: ಹೊಸದಾಗಿ ಒಂದು ಫ್ರಾಂಚೈಸಿ ಕಟ್ಟುವುದಾದರೆ ಅದರ ಮೂಲೆಗಲ್ಲು ಎನ್ನಬಹುದಾದ ಆಟಗಾರನನ್ನು ಹೇಗೆ ಗುರುತಿಸುತ್ತೀರಿ? ಫ್ರಾಂಚೈಸಿ ಎಂದರೆ ನನಗೆ ಅಲ್ಲಿಯವರೆಗೆ ನೆನಪಾಗುತ್ತಿದ್ದದ್ದು ಬೆಂಗಳೂರಿನಲ್ಲಿ ಬೀದಿಗೊಂದು ಶಾಖೆ ತೆರೆಯುವ ಇಡ್ಲಿ ಹೋಟೆಲು. ಅಮೆರಿಕದಲ್ಲಿ ತಂಡಗಳನ್ನೂ ಹಾಗೇ ಕರೆಯುತ್ತಾರೆ. ಒಬ್ಬ ಆಟಗಾರನನ್ನು ಆರಿಸಿಕೊಂಡು ಮಿಕ್ಕ ಕಟ್ಟಡವನ್ನೆಲ್ಲ ಅವನ ಮೇಲೆ ಏರಿಸುತ್ತಾರೆ.

ಸುಮ್ಮನೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ನಾನು ಐಟಿ ಮನುಷ್ಯ. ಮುಂದಿನ ವಾರಕ್ಕೆ ಹನ್ನೆರಡು ಸ್ಲೈಡು ಸಿದ್ಧಮಾಡಿದೆ. ಮೂಲೆಗಲ್ಲಾದವನು ಯುವಕನಾಗಿರಬೇಕು, ದೂರಕ್ಕೆ ಬಾರಿಸಬೇಕು, ಅವನ ಹೆಸರಿನ ಅಂಗಿಯನ್ನು ಮಕ್ಕಳು ಹಟಮಾಡಿ ಕೊಳ್ಳುವಂತಿರಬೇಕು, ಹೀಗೆ. ಕ್ಯಾಚರನಿಗೆ ಒಂದು ಸಾಲೂ ಇರಲಿಲ್ಲ. ಅದಕ್ಕೆ ಕಾರಣ ನಾನು ಬೆಳೆದ ಗಲ್ಲಿ. ನಮ್ಮ ಗಲ್ಲಿ ಕ್ರಿಕೆಟ್ಟಿನಲ್ಲಿ ಬೌಲಿಂಗೂ ಬಾರದ, ಬ್ಯಾಟಿಂಗೂ ಬಾರದ, ಆದರೆ ಬಿಟ್ಟುಬರಲು ಆಗದವನನ್ನು ಕೀಪರ್ ಎಂದು ಹಿಂದೆ ನಿಲ್ಲಿಸುತ್ತಿದ್ದೆವು. ಚೆಂಡು ಮೋರಿಗೆ ಬೀಳದಂತೆ ತಡೆದರೆ ಅವನ ಜನ್ಮ ಸಾರ್ಥಕ. ಹಿಂದೆ ಇರುವವನು ಹಿಂದುಳಿದವನು ಎಂಬ ಲೆಕ್ಕ ನನ್ನ ತಲೆಯಲ್ಲಿ ಆಗಲೇ ಕೂತುಬಿಟ್ಟಿತ್ತು.

ನಮ್ಮೂರ ಸರ್ಕಾರಿ ಕಟ್ಟಡಗಳ ಮುಂದೆ ಶಂಕುಸ್ಥಾಪನೆಯ ಕಲ್ಲು ನೋಡಿದ್ದೀರಲ್ಲ. ಕಪ್ಪು ಗ್ರಾನೈಟು, ಬಂಗಾರದ ಅಕ್ಷರ, ಮಂತ್ರಿಗಳಿಂದ ಹಿಡಿದು ಕಂಟ್ರಾಕ್ಟರವರೆಗೆ ಎಲ್ಲರ ಹೆಸರು. ಅದು ಒಂದು ಹಿಡಿ ಭಾರವನ್ನೂ ಹೊರುವುದಿಲ್ಲ. ಕಿತ್ತು ಪಕ್ಕಕ್ಕಿಟ್ಟರೂ ಕಟ್ಟಡಕ್ಕೆ ಗೊತ್ತಾಗುವುದಿಲ್ಲ. ಭಾರ ಹೊರುವ ಕಲ್ಲು ಮಣ್ಣಿನೊಳಗೆ ಇರುತ್ತದೆ, ಅದಕ್ಕೆ ಹೂವಿನ ಹಾರವಿಲ್ಲ. ನನ್ನ ಹನ್ನೆರಡು ಸ್ಲೈಡುಗಳೂ ಗ್ರಾನೈಟಿನ ವರ್ಣನೆ ಎಂದು ಆಗ ನನಗೆ ಹೊಳೆಯಲಿಲ್ಲ. ಎಲ್ಲರೂ ಮೆಚ್ಚಿದರು. ಫೆಲಿಕ್ಸಣ್ಣನೂ ಮೆಚ್ಚಿ ಹೆಬ್ಬೆಟ್ಟು ತೋರಿಸಿದರು. ಆ ಹುರುಪಿನಲ್ಲಿ ನನ್ನನ್ನು ಕ್ಯಾಪ್ಟನ್ ಮಾಡಿಬಿಟ್ಟರು.

ಕೊನೆಗೊಮ್ಮೆ ಮೈದಾನಕ್ಕೆ ಇಳಿಯಲು ಅಪ್ಪಣೆ ಸಿಕ್ಕಿತು, ಹದಿನೈದೇ ಜನಕ್ಕೆ. ನಾವು ಹದಿನಾರು. ಒಬ್ಬರನ್ನು ಬಿಡಬೇಕು, ಬಿಡುವುದು ಕ್ಯಾಪ್ಟನ್ ಕೆಲಸ. ನಾನು ಫೆಲಿಕ್ಸಣ್ಣನನ್ನು ಬಿಟ್ಟೆ. ‘ಮೊಣಕಾಲಿಗೆ ವಿಶ್ರಾಂತಿ ಬೇಕು, ತಂಡವನ್ನು ಹೊಸಬರ ಮೇಲೆ ಕಟ್ಟಬೇಕು’ ಎಂದು ವಾಟ್ಸಾಪಿನಲ್ಲಿ ಚೆನ್ನಾದ ಇಂಗ್ಲಿಷಿನಲ್ಲಿ ಬರೆದೆ. ಮೊಣಕಾಲೂ ಸುಳ್ಳು, ಹೊಸಬರೂ ಸುಳ್ಳು. ಅವರು ದಿನವೂ ಆಸ್ಪತ್ರೆಯೊಳಗೆ ಹೋಗಿ ಬರುವವರು, ಅವರ ಪಕ್ಕದಲ್ಲಿ ಕೂತು ನೀರು ಕುಡಿಯಲು ನನಗೆ ಹೆದರಿಕೆ. ಇದು ನಿಜ. ಅದನ್ನು ಯಾರಿಗೂ ಹೇಳಲಿಲ್ಲ. ಆಸ್ಪತ್ರೆಯವರಿಗಾಗಿ ತಟ್ಟೆ ನೆಗ್ಗಿಸಿದ ಮಹಾಶಯ ಆಸ್ಪತ್ರೆಯವರೊಬ್ಬರನ್ನು ಮೈದಾನದಿಂದಾಚೆ ಇಟ್ಟ ಎಂದು ಆ ಕ್ಷಣ ನನಗೆ ನಾನೇ ಹೇಳಿಕೊಳ್ಳಲೂ ಇಲ್ಲ.

ಅವರ ಉತ್ತರ ಒಂದೇ ಪದ: ‘ಗ್ರ್ಯಾಂಡ್’. ಐರ್ಲೆಂಡಿನಲ್ಲಿ ಅದಕ್ಕೆ ‘ಆಗಲಿ, ತೊಂದರೆಯಿಲ್ಲ’ ಎಂದಷ್ಟೇ ಅರ್ಥ. ಮಾರನೆಯ ದಿನ ನಮ್ಮ ಬಾಗಿಲ ಮುಂದೆ ಒಂದು ಚೀಲ. ಒಳಗೆ ಜಾಲರಿ, ಎದೆಯ ದಿಂಬು, ಎಣ್ಣೆ ತಿಕ್ಕಿ ಮೆದುಮಾಡಿದ ದೊಡ್ಡ ಗ್ಲೌಸು. ಎಲ್ಲವನ್ನೂ ತೊಳೆದು ಒಣಗಿಸಿದ್ದರು. ನನ್ನ ಒಂಬತ್ತು ವರ್ಷದ ಮಗಳು ಇಣುಕಿ, ‘ಈಸ್ ಫೆಲಿಕ್ಸ್ ಅಂಕಲ್ ನಾಟ್ ಪ್ಲೇಯಿಂಗ್, ಲೈಕ್?’ ಎಂದು ಕಾರ್ಕಿನ ರಾಗದಲ್ಲಿ ಕೇಳಿದಳು. ಅವರಿಗೆ ಕಾಲು ನೋವು ಎಂದೆ. ಸುಳ್ಳು ಎರಡನೇ ಸಲ ಹೇಳುವಾಗ ಎಷ್ಟು ಸರಾಗ! ಆ ಚೀಲವನ್ನು ಮಾತ್ರ ನಾನು ಮೂರು ದಿನ ಒಳಗೆ ತರಲಿಲ್ಲ.

ಆಟ ಶುರುವಾಯಿತು, ಮೊದಲ ದಿನವೇ ಕೆಟ್ಟಿತು. ನಮ್ಮ ಎಸೆತಗಾರ ಡೆಕ್ಲನ್ ಊರಿನ ಪ್ಲಂಬರ್, ಕೈಯಲ್ಲಿ ಬಲವಿದೆ, ಎದೆಯಲ್ಲಿ ಪುಕ್ಕಲು. ಒಂದು ಎಸೆತ ತಪ್ಪಿದರೆ ಮುಂದಿನ ನಾಲ್ಕು ತಪ್ಪುತ್ತಿದ್ದವು. ಜಾಲರಿ ತೊಟ್ಟು ಕೂತಿದ್ದ ಬ್ರ್ಯಾಡ್ ಅರ್ಧ ಸಮಯ ಮೈದಾನದ ಹಿಂದಿನ ನದಿಯ ದಂಡೆಯ ಪೊದೆಗಳಲ್ಲಿ ಚೆಂಡು ಹುಡುಕುತ್ತಿದ್ದ. ಯಾರು ಎಲ್ಲಿ ನಿಲ್ಲಬೇಕೆಂದು ಯಾರಿಗೂ ತಿಳಿಯದು, ಕ್ಯಾಪ್ಟನನಿಗಂತೂ ಮೊದಲೇ ತಿಳಿಯದು. ಮುಂದಿನ ಎರಡು ವಾರವೂ ಇದೇ ಕಥೆ.

ಆಗ ನನಗೆ ಕಂಡದ್ದು ಇಷ್ಟೆ. ಚೆಂಡು ಎಸೆಯುವ ಪಕ್ಷದಲ್ಲಿ ಒಂಬತ್ತು ಜನ. ಎಂಟು ಜನರ ಮುಖ ಬ್ಯಾಟಿನ ಕಡೆ. ಒಬ್ಬನ ಮುಖ ಮಾತ್ರ ಆ ಎಂಟು ಜನರ ಕಡೆ. ಇಡೀ ತಂಡವನ್ನು ನೋಡುತ್ತ ಕೂರುವವನು ಆ ಕುಕ್ಕರುಗಾಲಿನವನೊಬ್ಬನೇ. ಯಾರು ದಣಿದರು, ಯಾರು ಹೆದರಿದರು, ಯಾರ ಮನಸ್ಸು ಮನೆಯಲ್ಲಿದೆ ಎಂಬುದೆಲ್ಲ ಅವನಿಗೆ ಕಾಣುತ್ತದೆ. ಡೆಕ್ಲನ್ ತಪ್ಪಿದಾಗಲೆಲ್ಲ ಫೆಲಿಕ್ಸಣ್ಣ ಎದ್ದು, ಚೆಂಡನ್ನು ಪ್ಯಾಂಟಿಗೆ ಒರೆಸುತ್ತ, ನಿಧಾನವಾಗಿ ಅವನ ಬಳಿ ನಡೆದು ಏನೋ ಹೇಳಿ ಬರುತ್ತಿದ್ದರು. ಮೊಣಕಾಲಿಗೆ ಬಿಡುವು ಕೊಡುವ ಉಪಾಯ ಎಂದು ನಾನು ನಗುತ್ತಿದ್ದೆ. ಏನು ಹೇಳುತ್ತಿದ್ದರು ಎಂದು ಡೆಕ್ಲನನನ್ನು ಕೇಳಿದೆ. ‘ಏನೂ ಇಲ್ಲ, ಊಟ ಆಯಿತಾ ಅಂತ ಕೇಳುತ್ತಿದ್ದರು’ ಎಂದ.

ಮರುದಿನ ಅವರ ಮನೆಗೆ ಹೋದೆ. ಮಾಸ್ಕು ಹಾಕಿಕೊಂಡು ಗೇಟಿನಾಚೆಯೇ ನಿಂತೆ. ಅವರು ಅಂಗಳದಲ್ಲಿ ಕುರ್ಚಿ ಹಿಡಿದು ಬಸ್ಕಿ ಹೊಡೆಯುತ್ತಿದ್ದರು.

“ಫೆಲಿಕ್ಸಣ್ಣ, ತಪ್ಪಾಯ್ತು. ಮೊಣಕಾಲಿನ ವಿಷಯ ಅಲ್ಲ ಅದು. ನೀವು ಆಸ್ಪತ್ರೆಯಿಂದ ಬರ್ತೀರ ಅಂತ ನಂಗೆ ಭಯ ಆಯ್ತು.”

ಅವರು ಕುರ್ಚಿ ಬಿಟ್ಟು ನೆಟ್ಟಗೆ ನಿಂತರು. “ಹೌದಾ? ನಾನು ಮೊಣಕಾಲೇ ಅಂತ ನಂಬಿದ್ದೆ ಮಾರಾಯ. ಮೂರು ವಾರದಿಂದ ಎಣ್ಣೆ ಹಚ್ಚಿ ಇದೇ ಮಾಡ್ತಾ ಇದ್ದೇನೆ.”

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬೈದಿದ್ದರೆ ಬೈಸಿಕೊಂಡು ಬರುತ್ತಿದ್ದೆ. ನಂಬಿದವರ ಎದುರು ನಿಲ್ಲುವುದು ಹೇಗೆ?

“ಹೆದರಿಕೆ ಅಂತ ಹೇಳಿದ್ರೆ ನಾನೇ ಬರ್ತಿರ್ಲಿಲ್ಲ,” ಎಂದರು. “ನನ್ನ ಹೆಂಡತಿಗೂ ಹೆದರಿಕೆ ಉಂಟು. ನಾನು ಗ್ಯಾರೇಜಲ್ಲಿ ಬಟ್ಟೆ ಬದಲಿಸಿಯೇ ಒಳಗೆ ಹೋಗುದು.” ಕುರ್ಚಿಯನ್ನು ಗೋಡೆಯತ್ತ ಸರಿಸಿ, “ಆವತ್ತು ತಟ್ಟೆ ಬಡಿದದ್ದು ನೀನೇ ಅಲ್ವಾ? ಡ್ಯೂಟಿಗೆ ಹೋಗುವಾಗ ಕಾರಲ್ಲಿ ಕೇಳಿತು. ನಮ್ಮವರೇ ಯಾರೋ ಅಂತ ಗೊತ್ತಾಯ್ತು. ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳಿದೆ” ಎಂದರು.

ಮನೆಗೆ ಬಂದು ನಿಜ ಕಾರಣವನ್ನು ವಾಟ್ಸಾಪಿನಲ್ಲಿ ಬರೆದೆ, ಈ ಸಲ ಇಂಗ್ಲಿಷ್ ಅಷ್ಟು ಚೆನ್ನಾಗಿ ಬರಲಿಲ್ಲ. ಕ್ಯಾಪ್ಟನ್‌ಗಿರಿ ಬಿಟ್ಟೆ, ಹದಿನಾರನೆಯವನೂ ಆದೆ. ಫೆಲಿಕ್ಸಣ್ಣ ಒಂದು ವಾರ ಯೋಚಿಸಿ, ಹೆಂಡತಿಯನ್ನು ಕೇಳಿ, ಒಪ್ಪಿಕೊಂಡರು. ಆ ಬೇಸಿಗೆಯೆಲ್ಲ ನಾನು ಬೇಲಿಯಾಚೆ ನದಿಯ ಪಕ್ಕ ನಿಂತು ಬಿದ್ದ ಚೆಂಡು ಹೆಕ್ಕಿ ಎಸೆದೆ. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಪೊದೆಗೆ ಬರುವ ಚೆಂಡುಗಳು ಬಹಳ ಕಡಿಮೆಯಾದವು.

ನಿರ್ಬಂಧಗಳೆಲ್ಲ ಮುಗಿದ ಮೇಲೆ ತಂಡದವರನ್ನು ಊಟಕ್ಕೆ ಕರೆದೆವು. ಜನ ಹೆಚ್ಚಾಗಿ ಮನೆಯಲ್ಲಿದ್ದ ತಟ್ಟೆಗಳೆಲ್ಲ ಹೊರಗೆ ಬಂದವು. ನಾನು ಸಾರಿನ ಪಾತ್ರೆ ಹಿಡಿದು ಬರುವಷ್ಟರಲ್ಲಿ ನೆಗ್ಗಿದ ತಟ್ಟೆ ಫೆಲಿಕ್ಸಣ್ಣನ ಮುಂದಿತ್ತು. ಅವರು ನೆಗ್ಗಿನ ಮೇಲೆ ಬೆರಳಾಡಿಸಿ, “ಇದೇನಾ ಅದು?” ಎಂದರು. ಬದಲಿಸಲು ಕೈ ಚಾಚಿದೆ, ಬಿಡಲಿಲ್ಲ. “ಇರ್ಲಿ. ಸಾರು ಒಂದು ಕಡೆ ನಿಲ್ತದೆ, ಒಳ್ಳೇದೇ ಆಯ್ತು” ಎಂದು ಬಡಿಸಿಕೊಂಡರು. ನಾನು ಬಡಿಸಿದ ಸಾರು ಮೇಜಿನ ಮೇಲೂ ಚೆಲ್ಲಿತು. ಅವರು ತಲೆಯೆತ್ತಿ ನನ್ನ ಮುಖವನ್ನು ಒಂದು ಸಲ ನೋಡಿದರು.

“ನಿನ್ನದು ಊಟ ಆಯ್ತಾ ಮಾರಾಯ?”

ಇಲ್ಲ ಎಂದೆ. ಪಕ್ಕಕ್ಕೆ ಸರಿದು ಜಾಗ ಮಾಡಿದರು.