ನಿತ್ಯಪುಷ್ಪದ ಕಷಾಯ

ನನ್ನಂಥ ಮಂಕುದಿಣ್ಣೆ ಇಡೀ ರಾಜಾಜಿನಗರದಲ್ಲಿ ಇನ್ನೊಬ್ಬ ಇಲ್ಲ. ಅತ್ತೆಗೆ ಕದ್ದುಮುಚ್ಚಿ ಸೊಪ್ಪಿನ ಕಷಾಯ ಕುಡಿಸಿದ್ದು ಒಂದು ತಪ್ಪಾದ್ರೆ, ಡಾಕ್ಟರಮ್ಮ ಕೇಳಿದಾಗ ಅದರ ಹೆಸರು ಹೇಳದೆ ನಿಂತಿದ್ದು ಅದರಪ್ಪನಂಥ ತಪ್ಪು.

ಅತ್ತೆ ಅಂದ್ರೆ ಅಪ್ಪನ ಅಕ್ಕ, ನಮ್ಮ ಜೊತೇಲೇ ಇದ್ದವರು. ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್ ಅಂತ ಗೊತ್ತಾಯ್ತು. ಗಡ್ಡೆ ಸುಡೋಕೆ ಒಳಗೆ ರೇಡಿಯಂ ಇಡ್ಬೇಕು, ಅಲ್ಲಿವರೆಗೆ ಮೈಯಲ್ಲಿ ಶಕ್ತಿ ಉಳಿಸ್ಕೊಳ್ಳಿ ಅಂದ್ರು ಆಸ್ಪತ್ರೇಲಿ. ರೇಡಿಯಂ ಅಂದ್ರೇ ಅತ್ತೆ ನಡುಗೋರು.

ನಾನು ಭಾರಿ ಶೂರ ಅಲ್ವಾ? ಸೈಕಲ್ ಹತ್ತಿ ಮೂಡಲಪಾಳ್ಯದ ನಾಟಿವೈದ್ಯರ ಹತ್ರ ಹೋದೆ. ಬೇಲಿ ಪಕ್ಕದ ನಿತ್ಯಪುಷ್ಪ ತೋರಿಸಿದ್ರು. "ಒಂದು ಹಿಡಿ ಎಲೆ ಕುದಿಸಿ ಕೊಡಪ್ಪ. ಹೆಸರು ಮಾತ್ರ ಬಾಯಿ ಬಿಡಬೇಡ. ಬಿಟ್ರೆ ಮದ್ದು ಹತ್ತಲ್ಲ."

ಬೇಗ ವಾಸಿಯಾಗ್ಲಿ ಅಂತ ನಾನು ಎರಡು ಹಸು ಮೇಯೋವಷ್ಟು ಕುದಿಸಿದೆ.

ಆಸ್ಪತ್ರೆಗೆ ಸೇರಿಸಿದ ದಿನಾನೂ ಹೊರಡೋ ಮುಂಚೆ ಒಂದು ಲೋಟ ಕುಡಿಸಿದ್ದೆ. ವಾರ್ಡಿನಲ್ಲಿ ಮಲಗಿಸೋಷ್ಟರಲ್ಲಿ ಅತ್ತೆ ವಾಂತಿ ಮಾಡ್ಕೊಂಡು, ಬೆವೆತು, ಕೂಗಿದ್ರೂ ಓಗೊಡದ ಹಾಗಾದ್ರು.

"ಏನು ಕೊಟ್ರಿ ಇವರಿಗೆ?" ಅಂದ್ರು ಡಾಕ್ಟರಮ್ಮ.

"ಯಾವುದೋ ಸೊಪ್ಪು..." ಅಂದೆ.

"ಯಾವ ಸೊಪ್ಪು?"

ಹೇಳಿದ್ರೆ ಮದ್ದು ಹೋಗುತ್ತೆ, ಹೇಳದಿದ್ರೆ ಅತ್ತೇನೇ ಹೋಗ್ತಾರೆ. ಲೈಟು ಕಂಬದ ಥರ ನಿಂತೆ. ಅಪ್ಪ ನನ್ನ ತೋಳು ಹಿಡಿದು ಅಲ್ಲಾಡಿಸಿದ್ರು. "ಬೊಗಳೋ!"

ಡಾಕ್ಟರಮ್ಮ ಅತ್ತೆ ಮಣಿಕಟ್ಟು ಬಿಟ್ಟಿರಲಿಲ್ಲ. "ನಾಡಿ ಇಳೀತಾ ಇದೆ ಕಣಯ್ಯ. ಗೊತ್ತಾಗದೆ ನಾನೇನು ಮಾಡ್ಲಿ?"

"ನಿತ್ಯಪುಷ್ಪ!" ಅಂತ ಕಿರುಚಿದೆ. ಪಕ್ಕದ ಹಾಸಿಗೆ ಅಜ್ಜಿ ಬೆಚ್ಚಿಬಿದ್ದು ರಾಮ ರಾಮ ಅಂದ್ರು.

"ಸಕ್ಕರೆ ಕಾಯಿಲೆಗೆ ಕುಡೀತಾರಲ್ಲ, ಅದಾ? ರಕ್ತದಲ್ಲಿ ಸಕ್ಕರೆ ಇಳಿದುಹೋಗಿದೆ. ಸಿಸ್ಟರ್, ಗ್ಲೂಕೋಸ್ ತನ್ನಿ, ಬೇಗ!"

ಬಾಟಲಿಯಿಂದ ಹನಿ ಹನಿ ಇಳೀತಿತ್ತು. ನಾನು ಅತ್ತೆ ರೆಪ್ಪೇನೇ ನೋಡ್ತಾ ಕೂತೆ, ನನ್ನ ರೆಪ್ಪೆ ಬಡಿಯೋದೂ ಮರೆತು. ಎಷ್ಟೋ ಹೊತ್ತಾದ್ಮೇಲೆ ಅವರ ಬೆರಳು ಅಲ್ಲಾಡ್ತು.

ರೇಡಿಯಂ ಮುಂದಕ್ಕೆ ಹೋಯ್ತು. ಡಾಕ್ಟರಮ್ಮ ನನ್ನ ಹೊರಗೆ ಕರೆದು ಅಂದ್ರು: "ಆ ಎಲೇಲಿ ಮದ್ದಿಲ್ಲ ಅಂತ ನಾನು ಅನ್ನಲ್ಲ. ಇರಬಹುದು. ಅದನ್ನ ಬೇರೆ ಮಾಡಿ, ತೂಗಿ, ಎಷ್ಟು ಕೊಟ್ರೆ ಗುಣ, ಎಷ್ಟು ಕೊಟ್ರೆ ವಿಷ ಅಂತ ಯಾರಾದ್ರೂ ಕಂಡುಹಿಡೀಬೇಕು. ಅದನ್ನ ನೀನು ನಿಮ್ಮತ್ತೆ ಮೇಲೆ ಕಂಡುಹಿಡೀಬೇಡ."

ತಲೆ ತಗ್ಗಿಸ್ಕೊಂಡು ಒಳಗೆ ಬಂದೆ. ಅತ್ತೆ ಕೈಸನ್ನೆ ಮಾಡಿ ಹತ್ರ ಕರೆದ್ರು. ದನಿ ಇನ್ನೂ ಸೋತಿತ್ತು.

"ಬೇಗ ರೇಡಿಯಂ ಇಡೋಕೆ ಹೇಳೋ," ಅಂದ್ರು. "ನೀನು ಇನ್ನೊಂದು ಸೊಪ್ಪು ಹುಡುಕ್ಕೊಂಡು ಬರೋದ್ರೊಳಗೆ."