ನಳದ ಕೆಳಗೆ ನಿಂತ ಎಮ್ಮೆ

ಎಮ್ಮೆ ನಮ್ಮ ನೀರು ಕದಿಯಲಿಲ್ಲ. ನಾವೇ ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತು ನೀರು ಕಳೆದುಕೊಂಡೆವು. ನಾನು ಚಿಕ್ಕವಳಿದ್ದಾಗ ನಡೆದದ್ದು ಇಷ್ಟೇ, ಮೊಮ್ಮಕ್ಕಳೇ.

ಆಗ ನಾವಿದ್ದದ್ದು ಡೊಂಬಿವಲಿ ಎಂಐಡಿಸಿ ಕಾರ್ಖಾನೆಗಳ ಪಕ್ಕದ ಚಾಳಿನಲ್ಲಿ, ಸಾಲು ಕೋಣೆಗಳ ವಠಾರದಲ್ಲಿ. ಅಪ್ಪ ಬಣ್ಣದ ಕಾರ್ಖಾನೆಯಲ್ಲಿ ಪುಡಿಯ ಮೂಟೆ ಹೊರುತ್ತಿದ್ದ. ರಾತ್ರಿ ಪಾಳಿ ಮುಗಿಸಿ ಒಂದು ದಿನ ಹಸಿರಾಗಿ ಬರುತ್ತಿದ್ದ, ಒಂದು ದಿನ ಕೆಂಪಾಗಿ. ಆ ಪುಡಿ ಮೈಯೆಲ್ಲ ತುರಿಸುತ್ತಿತ್ತು. ಸ್ನಾನವಾಗದೆ ಅವನಿಗೆ ನಿದ್ದೆಯಿಲ್ಲ. ಅದಕ್ಕಾಗಿ ಎರಡು ಕೊಡ ನೀರು ತರುವುದು ನನ್ನ ಕೆಲಸ. ಇಡೀ ಚಾಳಿಗೆ ಎದೆಯೆತ್ತರದ ಒಂದೇ ನಳ, ಬೆಳಿಗ್ಗೆ ಒಂದೇ ತಾಸು ನೀರು. ಬೇಗ ಎದ್ದು ಕೊಡವನ್ನು ಸಾಲಿಗಿಟ್ಟರೆ ಅದೇ ನಮ್ಮ ನಂಬರು. ಪಕ್ಕದ ಮನೆಯ ಮರಾಠಿ ಮೌಶಿ ಪೊರಕೆ ಹಿಡಿದು ಸಾಲು ಕಾಯುತ್ತಿದ್ದಳು. ಒಂದು ಗೇಣು ಮುಂದೆ ತಳ್ಳಿದರೂ ಜಗಳ.

ಅವತ್ತು ನಾಲ್ಕು ಕೊಡ ತುಂಬುವಷ್ಟರಲ್ಲಿ ಹಾಲಿನವರ ಎಮ್ಮೆ ಕಟ್ಟುವ ತಬೇಲಾದಿಂದ ಹಗ್ಗ ಬಿಚ್ಚಿಕೊಂಡು ಒಂದು ಎಮ್ಮೆ ಬಂತು. ಕೊಡಗಳನ್ನು ಉರುಳಿಸುತ್ತ ನೇರ ಹೋಗಿ ನಳದ ಕೆಳಗೆ ನಿಂತಿತು.

"ಏ ಬಾಯಿ, ಲೈನ್ ಮೇ ಆವ್," ಎಂದು ಎಮ್ಮೆಗೂ ಸಾಲಿಗೆ ಬರಲು ಹೇಳಿದಳು ಮೌಶಿ.

ಪೊರಕೆಯಿಂದ ಬೆನ್ನಿಗೆ ಬಾರಿಸಿದಳು. ಎಮ್ಮೆಗೆ ಬೆನ್ನು ಕೆರೆದಂತಾಯಿತೇನೋ, ಅವಳ ಕಡೆಗೇ ವಾಲಿತು.

"ಹೊಡೆದು ಏನ್ ಮಾಡ್ತೀರಿ ಮೌಶಿ, ಸಾಬೂನು ತರ್ರಿ," ಎಂದಳು ಸಾಲಿನಲ್ಲಿದ್ದ ಕಲಬುರಗಿ ಕಡೆಯ ಕಾಕು.

ನೀರು ಅದರ ಕತ್ತಿನ ಮೇಲೆ ಬಿದ್ದು, ಕಪ್ಪು ಹೊಟ್ಟೆಯ ಮೇಲಿಂದ ಇಳಿದು ಹೊಳೆಯುತ್ತಿತ್ತು. ಎಮ್ಮೆ ಕಣ್ಣು ಮುಚ್ಚಿತು. ಕಿವಿ ಬಡಿದಾಗ ನಮ್ಮ ಮುಖಕ್ಕೆಲ್ಲ ಹನಿ. ಎಲ್ಲಿಂದಲೋ ಒಂದು ಕಾಗೆ ಬಂದು ಅದರ ಬೆನ್ನೇರಿ ತಾನೂ ಮಿಂದಿತು. ದಿನಾ ಕಿತ್ತಾಡುವ ಹೆಂಗಸರೆಲ್ಲ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಪ್ರಾಣಿ ನೋಡಿದರೆ ಯಾಕೆ ಖುಷಿ ಅಂತ ಕೇಳಿದಿರಲ್ಲ? ನಾವು ಗುದ್ದಾಡಿ ತುಂಬಿಕೊಳ್ಳುವ ನೀರಲ್ಲಿ ಅದು ಅವಸರವಿಲ್ಲದೆ ನಿಂತಿತ್ತು. ನಮಗೂ ಹಾಗೆ ನಿಲ್ಲುವ ಆಸೆ. ಅಷ್ಟೇ.

ತಾಸು ಮುಗಿದು ನಳ ಗರ್ ಎಂದು ನಿಂತಿತು. ಎಮ್ಮೆ ನಳದ ಬಾಯಿ ನೆಕ್ಕಿ ನೋಡಿ ಹೊರಟುಹೋಯಿತು. ಆಗಲೇ ನನ್ನ ಖಾಲಿ ಕೊಡಗಳು ಕಣ್ಣಿಗೆ ಬಿದ್ದವು.

ಹಿಂದೆ ಯಾರೋ ನಕ್ಕರು. ಅಪ್ಪ. ಅವತ್ತು ನೀಲಿ. ಹಲ್ಲು ಮಾತ್ರ ಬೆಳ್ಳಗೆ. ಪಾಳಿಯಿಂದ ಬಂದವನು ಅವನೂ ನೋಡುತ್ತ ನಿಂತಿದ್ದ.

"ಹೋಗ್ಲಿ ಬಿಡವ್ವ, ಒಬ್ಬರಿಗರ ಜಳಕ ಆತಲ್ಲ," ಎಂದ.

ಮನೆ ನೋಡಿಕೊಳ್ಳುತ್ತಿದ್ದ ಅಕ್ಕ ಬಿಡಲಿಲ್ಲ, ನನ್ನ ಬೆನ್ನಿಗೆ ಎರಡು ಕೊಟ್ಟಳು. ನ್ಯಾಯವೇ. ಅಪ್ಪ ತುರಿಸಿಕೊಳ್ಳುತ್ತ ಹೊರಳಾಡಿದ. ಚಾದರವೂ ನೀಲಿಯಾಯಿತು.

ನೀವು ಈಗ ಖಾರಘರದ ಹದಿನಾಲ್ಕನೇ ಮಾಳಿಗೆಯಲ್ಲಿ ಕೂತು ಮೊಬೈಲಿನಲ್ಲಿ ಆನೆಮರಿಯ ಸ್ನಾನ ನೋಡುತ್ತೀರಿ. ನಿಮ್ಮ ನಳ ಯಾವಾಗ ತಿರುಗಿಸಿದರೂ ನೀರು. ನೋಡಿದ್ದಕ್ಕೆ ಪೆಟ್ಟು ಬೀಳುವುದಿಲ್ಲ. ಆದರೆ ಬಾಯಿ ತೆರೆಯುವುದು ಮಾತ್ರ ನನ್ನ ಹಾಗೆಯೇ. "ಅಜ್ಜಿ, ವೋ ಎಮ್ಮೆ ಫಿರ್ ಆಯಿ ಕ್ಯಾ?" ಎಂದು ಅದು ಮತ್ತೆ ಬಂತಾ ಅಂತ ಕೇಳುತ್ತೀರಿ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ನನ್ನ ಎರಡೂ ಕೊಡ ತುಂಬಿ ಮನೆಗೆ ಹೊತ್ತು ತಂದಿಟ್ಟೆ. ಆಮೇಲೆ ತಬೇಲಾಕ್ಕೆ ಹೋಗಿ ಆ ಎಮ್ಮೆಯ ಹಗ್ಗದ ಗಂಟು ಸಡಿಲ ಮಾಡಿದೆ.